ಮಾಂಸ ನಿಮ್ದು, ಮೂಳೆ ನಮ್ದು

ಶಾಲೆಗೆ ಬೆತ್ತ ಹೋಗ್ತಿದ್ದದ್ದು ನಮ್ಮ ಕೇರಿಯಿಂದ.

ಹೇಳಿದ್ರೆ ಜನ ನಗ್ತಾರೆ. ಏಟು ತಿನ್ನೋರೇ ಬೆತ್ತ ಕಳಿಸ್ತಾರಾ ಅಂತಾರೆ. ಕಳಿಸ್ತಿದ್ವಿ. ಅದೂ ಯಾವುದೋ ಕಡ್ಡಿ ಮುರಿದು ಅಲ್ಲ. ಹಿಡಿಗೆ ಬಳ್ಳಿ ಕೆತ್ತಿ, ಎಣ್ಣೆ ಉಜ್ಜಿ, ಒಗೆದ ಬಟ್ಟೆ ಸುತ್ತಿ, ಮಗಳನ್ನ ಗಂಡನ ಮನೆಗೆ ಕಳಿಸೋ ಹಾಗೆ ಕಳಿಸ್ತಿದ್ವಿ. ಕೊಡುವಾಗ ಒಂದು ಮಾತು ಹೇಳಬೇಕು, ಅದು ಪದ್ಧತಿ. "ಮಾಂಸ ನಿಮ್ದು, ಮೂಳೆ ನಮ್ದು, ಮೇಷ್ಟ್ರೆ." ಅಂದ್ರೆ ಮಗುನ ಎಷ್ಟು ಬೇಕಾದ್ರೂ ಹೊಡೀರಿ, ಮೂಳೆ ಮಾತ್ರ ಸಂಜೆ ಮನೆಗೆ ಕಳಿಸಿ. ಮೇಷ್ಟ್ರು ನಗ್ತಿದ್ರು. ನಾವೂ ನಗ್ತಿದ್ವಿ. ಮಕ್ಕಳು ಮಾತ್ರ ನಗ್ತಿರ್ಲಿಲ್ಲ, ಅವರನ್ನ ಯಾರು ನೋಡ್ತಾರೆ.

ನಾವು ರೂದಾರಿಗಳು. ಮರ ಕೆತ್ತೋರು. ಸೌಟು, ಚಮಚ, ಮರಿಗೆ, ನೂಲೋ ಕದಿರು. ಹಳ್ಳದ ಆಚೆ ಊರು, ಈಚೆ ನಾವು. ಊರಿನವರು ಮೆಕ್ಕೆಜೋಳದ ಮುದ್ದೆ ತಿರುವೋದು ನಮ್ಮ ಕೋಲಲ್ಲಿ, ಹಿಟ್ಟು ನಾದೋದು ನಮ್ಮ ಮರಿಗೇಲಿ. ನಾವು ಮಾತ್ರ ಗೇಟಿನ ಹೊರಗೆ. ಗೇಟಲ್ಲಿ ನಿಂತು ಸೌಟು ಸೌಟು ಅಂತ ಕೂಗಿದ್ರೆ ಮೊದಲು ನಾಯಿ ಬರುತ್ತೆ, ಆಮೇಲೆ ಯಜಮಾನಿ ಬರ್ತಾಳೆ. ಇಬ್ಬರಲ್ಲಿ ನಾಯಿನೇ ವಾಸಿ, ಅದು ಚೌಕಾಸಿ ಮಾಡಲ್ಲ.

ಬೆತ್ತ ಮಾಡೋ ಹಕ್ಕು ಲಿಸಾಂದ್ರು ತಾತಂದು. ತಾತ ಓದಿದವನಲ್ಲ. ಆದ್ರೆ ಶಾಲೆ ಒಳಗೆ, ಕಪ್ಪು ಹಲಗೆ ಪಕ್ಕದ ಮೊಳೆಗೆ ತನ್ನ ಕೈಕೆಲಸ ನೇತಾಡುತ್ತೆ ಅನ್ನೋದು ಅವನಿಗೆ ಮೇಯರ್ ಆದಷ್ಟು ದೊಡ್ಡದು. "ನಮ್ಮ ಕೇರಿಯಿಂದ ಹೋಗಿ ಶಾಲೇಲಿ ಮುಂದುಗಡೆ ಜಾಗ ಸಿಕ್ಕಿರೋದು ಅದೊಂದಕ್ಕೇ" ಅಂತ ಅವನ ಮಗಳು ಝಂಫೀರಾ ಒಂದ್ಸಲ ಅಂದಿದ್ಲು. ತಾತ ಅದನ್ನ ಹೊಗಳಿಕೆ ಅಂದ್ಕೊಂಡಿದ್ದ.

ಝಂಫೀರಾ ಸೌಟು ಹೆರೀತಾಳೆ. ನಮ್ಮಲ್ಲಿ ಗಂಡಸರು ಕೊಡಲಿ, ಬಾಚಿ ಹಿಡಿದು ಮರಕ್ಕೆ ಆಕಾರ ಕೊಡ್ತಾರೆ, ಹೆಂಗಸರು ಸೊಟ್ಟ ಚಾಕು ಹಿಡಿದು ಒಳಗಿನ ಗುಳಿ ನುಣುಪು ಮಾಡ್ತಾರೆ. ಬೆಳಗಾದ್ರೆ ಕೂತ್ಲು ಅಂದ್ರೆ ತೊಡೆ ಮೇಲೆ ಚರ್ಮದ ತುಂಡು, ಅದರ ಮೇಲೆ ಸೌಟು. ಹೆಬ್ಬೆರಳಲ್ಲಿ ಒತ್ತು, ಎಳಿ. ಒತ್ತು, ಎಳಿ. ಹೆಬ್ಬೆರಳು ಒಡೆದು ಗಟ್ಟಿಯಾಗಿ ಕುದುರೆ ಗೊರಸಿನ ಹಾಗಿದೆ. ಮೂಗಲ್ಲಿ ಮರದ ಪುಡಿ. ಗಂಡ, ಅಣ್ಣ ಇಬ್ಬರೂ ಮರ ಕಡಿಯೋ ಗುಂಪಿನ ಜೊತೆ ಮೇಲಿನ ಕಾಡಿಗೆ ಹೋಗಿದ್ರು, ಬರೋದು ವಾರಗಟ್ಲೆ ಆದ್ಮೇಲೆ. ಮನೇಲಿ ಅಪ್ಪ, ಅವಳು, ಒಂಬತ್ತು ವರ್ಷದ ಮಗಳು ತಿಂಕಾ. ಗೋಡೆ ಆಚೆ ಅತ್ತಿಗೆ ಸಾಫ್ತಾ, ಅವಳ ಮಗ ಗೋಗು.

ತಿಂಕಾ ಓದ್ತಿದ್ಲು. ಅದನ್ನ ಹೇಳ್ದೆ ಮುಂದೆ ಹೋಗಂಗಿಲ್ಲ. ನಮ್ಮ ಕೇರೀಲಿ ಸಾಲಿನ ಕೆಳಗೆ ಬೆರಳು ಇಡದೆ ಓದೋಳು ಅವಳೊಬ್ಬಳೇ. ಔಷಧಿ ಡಬ್ಬಿ, ಬಸ್ಸಿನ ಬೋರ್ಡು, ಸಕ್ಕರೆ ಪೊಟ್ಟಣ, ಕೈಗೆ ಏನು ಸಿಕ್ಕಿದ್ರೂ ಗಟ್ಟಿಯಾಗಿ ಓದೋಳು. ಝಂಫೀರಾ ಸೌಟು ಹೆರೀತಾ ಕೇಳ್ತಿದ್ಲು. ಸಕ್ಕರೆ ಪೊಟ್ಟಣದ ಮೇಲೆ ಬರೆದಿರೋದು ಅಷ್ಟು ಚೆನ್ನಾಗಿರುತ್ತೆ ಅಂತ ಅವಳಿಗೆ ಗೊತ್ತೇ ಇರ್ಲಿಲ್ಲ.

ವಸಂತ ಶುರುವಾಗಿ ಹಳ್ಳ ಕೆಸರಾಗಿದ್ದ ಒಂದು ಮಧ್ಯಾಹ್ನ ತಿಂಕಾ ಶಾಲೆಯಿಂದ ಬಂದು ಬಾಗಿಲಲ್ಲೇ ನಿಂತ್ಲು.

"ತಾತಾ, ಬೆತ್ತ ಮುರೀತಂತೆ. ಶುಕ್ರವಾರ ಅಪ್ಪ ಅಮ್ಮಂದಿರ ಸಭೆಗೆ ಹೊಸದು ತರಬೇಕಂತೆ. ಮೇಷ್ಟ್ರು ಹೇಳಿದ್ರು."

"ಮುರೀತಾ?" ತಾತ ಬಾಚಿ ಕೆಳಗಿಟ್ಟ. "ನಾನು ಮಾಡಿದ ಬೆತ್ತ ಮುರೀತಾ? ಯಾವನದಮ್ಮಾ ಅದು, ಕಲ್ಲಿನ ಕುಂಡಿ?"

ಗೋಡೆ ಆಚೆ ಯಾರೋ ನಕ್ರು. ತಿಂಕಾ ನಗಲಿಲ್ಲ. ಕೈ ಎರಡೂ ಕಂಕುಳಲ್ಲಿ ಇಟ್ಕೊಂಡು ಒಳಗೆ ಹೋದ್ಲು.

ತಾತ ಆಗಲೇ ಎದ್ದು ಅಟ್ಟದ ಮೇಲೆ ಒಣಗಿಸಿಟ್ಟಿದ್ದ ಗಟ್ಟಿ ಮರದ ಕೊಂಬೆ ಇಳಿಸಿದ. ಕಾಡಲ್ಲಿ ಕಲ್ಲು ಬಂಡೆ ಸಂದೀಲಿ ಬೆಳೆಯೋ ಮರ ಅದು. ಕೊಡಲಿ ಕಾವಿಗೆ, ಬಾಚಿ ಹಿಡಿಗೆ ಬಿಟ್ರೆ ಬೇರೆ ಯಾವುದಕ್ಕೂ ಅದನ್ನ ಮುಟ್ಟಲ್ಲ. ಕಾವಿಗೆ, ಹಿಡಿಗೆ, ಮತ್ತೆ ನಮ್ಮ ಮಕ್ಕಳ ಅಂಗೈಗೆ.

ಮುದ್ದೆ, ಹುಳಿ ಕೋಸು ತಟ್ಟೇಲಿ ಹಾಗೇ ತಣ್ಣಗಾಯ್ತು. ತಿಂಕಾ ಮುಟ್ಟಲಿಲ್ಲ.

"ಕೈ ತೋರ್ಸು" ಅಂದ್ಲು ಝಂಫೀರಾ.

ತಿಂಕಾ ತೋರಿಸಲಿಲ್ಲ. ಝಂಫೀರಾ ಕಂಕುಳಿಂದ ಕಿತ್ತು ಬಿಡಿಸಿ ನೋಡಿದ್ಲು. ಅಂಗೈ ನುಣ್ಣಗಿತ್ತು. ಬಾಸುಂಡೆ ಇಲ್ಲ, ಕೆಂಪಿಲ್ಲ. ಇವಳಿಗೆ ಏಟು ಬಿದ್ದಿಲ್ಲ. ಅಬ್ಬಾ ಅಂತ ಉಸಿರು ಬಿಟ್ಲು. ಆ ಉಸಿರು ನೆನೆಸ್ಕೊಂಡು ಅವಳು ಆಮೇಲೆ ಎಷ್ಟು ಸಲ ನಾಚ್ಕೊಂಡಳೋ.

"ಬಾ, ಈ ಸೌಟಿನ ಹಿಡಿ ಒಂದು ಉಜ್ಜಿ ಕೊಡು."

"ಮರ ಮುಟ್ಟಲ್ಲ ನಾನು."

"ಏನಂದೆ?"

"ಮರ ಮುಟ್ಟಲ್ಲ ಅಂದೆ."

ರೂದಾರಿ ಮನೇಲಿ ಹುಟ್ಟಿದ ಮಗು ಮರ ಮುಟ್ಟಲ್ಲ ಅನ್ನೋದು ಮೀನು ನೀರು ಒಲ್ಲೆ ಅಂದ ಹಾಗೆ. ಝಂಫೀರಾ ಬಯ್ಯೋಕೆ ಬಾಯಿ ತೆಗೆದ್ಲು, ಅಷ್ಟರಲ್ಲಿ ಬಾಗಿಲು ಧಡ್ ಅಂತು. ಸಾಫ್ತಾ. ಗೋಗುನ ರೆಟ್ಟೆ ಹಿಡಿದು ಎಳ್ಕೊಂಡು ಬಂದಿದ್ಲು.

"ಎಲ್ಲಿ ನಿನ್ನ ಪಂಡಿತೆ? ಸಕ್ಕರೆ ಪೊಟ್ಟಣ ಓದೋ ಮಹಾರಾಣಿ ಎಲ್ಲಿ?"

"ಏನಾಯ್ತು ಅತ್ತಿಗೆ?"

"ನೋಡು. ಕಣ್ಣಿದ್ರೆ ನೋಡು."

ಗೋಗುನ ಎರಡೂ ಅಂಗೈ ಊದಿ ಬನ್ನಿನ ಹಾಗಾಗಿದ್ವು. ಬೆರಳು ಮಡಚೋಕೆ ಆಗ್ತಿರ್ಲಿಲ್ಲ. ಬಲಗೈ ಮಣಿಕಟ್ಟಿನ ಹತ್ರ ಚರ್ಮ ಸೀಳಿತ್ತು. ಏಳು ವರ್ಷದ ಹುಡುಗ. ಅಳ್ತಾ ಇರ್ಲಿಲ್ಲ, ಬರೀ ಮೂಗು ಸುರ್ ಸುರ್ ಅಂತಿತ್ತು.

"ಮೇಷ್ಟ್ರು ಹೊಡೆದ್ರಾ?"

"ಮೇಷ್ಟ್ರು ಹೊಡೆದಿದ್ರೆ ನಾನು ನಿನ್ನ ಮನೆಗ್ಯಾಕೆ ಬರ್ತಿದ್ದೆ? ಮೇಷ್ಟ್ರು ಹೊಡೆದ್ರೆ ಬೆಣ್ಣೆ ಹಚ್ಚಿ ಸುಮ್ನಿರ್ತಿದ್ದೆ. ನಿನ್ನ ಮಗಳು ಹೊಡೆದಿದಾಳೆ. ಸ್ವಂತ ಮಾವನ ಮಗನಿಗೆ, ನಾಯಿಗೆ ಬಡಿದ ಹಾಗೆ."

ಝಂಫೀರಾ ತಿರುಗಿದ್ಲು. ತಿಂಕಾ ಮೂಲೇಲಿ ಗೋಡೆಗೆ ಅಂಟ್ಕೊಂಡಿದ್ಲು.

"ಹೌದಾ?"

"ಹೂಂ."

"ಯಾಕೇ?"

"ಶಾಲೆ ಒಲೇಲಿ ಹೊಗೆ ಬಂತು."

ಆಮೇಲೆ ಚೂರು ಚೂರಾಗಿ ಹೊರಗೆ ಬಂತು. ಶಾಲೆ ಬಾಗಿಲು ತೆಗೆಯೋ ಮುಂಚೆ ಹೋಗಿ ಕಸ ಗುಡಿಸೋದು, ಕೋಣೆ ಬೆಚ್ಚಗಿಡೋ ಒಲೆ ಹಚ್ಚೋದು ನಮ್ಮ ಮಕ್ಕಳು. ಯಾವಾಗ್ಲೂ ನಮ್ಮ ಮಕ್ಕಳೇ. ಅವತ್ತು ಸೌದೆ ಹಸಿ, ಕೋಣೆ ತುಂಬಾ ಹೊಗೆ. ಒಲೆ ಪಾಳಿ ಗೋಗುಂದು. ಪೆತ್ರಾಕೆ ಮೇಷ್ಟ್ರು ಮೊಳೆಯಿಂದ ಬೆತ್ತ ತೆಗೆದ್ರು. ತೆಗೆದು ತಿಂಕಾ ಕೈಗೆ ಕೊಟ್ರು. ಹೊಡಿ ಅಂದ್ರು. ಮೆಲ್ಲಗೆ ಹೊಡೆದ್ರೆ ಗೋಗು ಕೈಗೆ ಬೆತ್ತ ಹೋಗುತ್ತೆ, ಅವನು ನಿನಗೆ ಹೊಡೀತಾನೆ, ಅವನೂ ಮೆಲ್ಲಗೆ ಹೊಡೆದ್ರೆ ವಾಪಸ್ ನಿನ್ನ ಕೈಗೆ. ಸರಿಯಾಗಿ ಬೀಳೋ ತನಕ ಹೀಗೇ, ಅಂದ್ರು. ಇದೇ ಮೊದಲೂ ಅಲ್ಲ. ಚಳಿಗಾಲದಿಂದ ಹೀಗೇ ನಡೀತಿತ್ತು.

"ನೀನು ಯಾಕೆ ಹೇಳ್ಲಿಲ್ಲ?" ಅಂದ್ಲು ಝಂಫೀರಾ.

"ಹೇಳಿದ್ರೆ ಏನಂತೀಯ? ಮಾಂಸ ಅವರದ್ದು ಅಂತೀಯ."

ಸಾಫ್ತಾ ಕೈ ಸಡಿಲ ಆಯ್ತು. ಗೋಗು ಜಾರಿ ಹೋಗಿ ತಿಂಕಾ ಪಕ್ಕದಲ್ಲಿ ಕೂತ. ಊದಿದ ಕೈನ ಅವಳ ತೊಡೆ ಮೇಲೆ ಇಟ್ಟ. ಇಬ್ಬರೂ ಹಾಗೇ ಕೂತಿದ್ರು, ಏನೋ ಒಟ್ಟಿಗೆ ಕದ್ದವರ ಹಾಗೆ.

ಹೊರಗೆ ತಾತನ ಬಾಚಿ ಟಕ್ ಟಕ್ ಅಂತಾನೇ ಇತ್ತು.

ಈಗ ಕಾನೂನಿನ ಕಥೆ. ಮಕ್ಕಳ ಮೇಲೆ ಕೈ ಮಾಡಂಗಿಲ್ಲ ಅಂತ ರಾಜಧಾನಿ ಬುಕಾರೆಸ್ಟಲ್ಲಿ ಯಾವತ್ತೋ ಕಾನೂನು ಬಂದಿತ್ತು. ಅದು ಬುಕಾರೆಸ್ಟಿಂದ ಹೊರಟು ನಮ್ಮ ಕಡೆ ಬರೋಕೆ ವರ್ಷಗಟ್ಲೆ ತಗೊಂಡ್ತು. ಬಂದಿದ್ದೂ ಬುಕಾರೆಸ್ಟಿಂದ ಅಲ್ಲ, ಇಟಲಿಯಿಂದ, ಫೋನಲ್ಲಿ. ಊರಿನ ದೋಯ್ನಾ ಅಲ್ಲಿ ಒಬ್ಬಳು ಮುದುಕೀನ ನೋಡ್ಕೊಳ್ತಿದ್ಲು. ಮಗನ ಕಿವಿ ಮೇಷ್ಟ್ರು ಹಿಂಡಿದ್ರು ಅಂತ ಗೊತ್ತಾಗಿದ್ದೇ ತಡ, ಫೋನ್ ಮೇಲೆ ಫೋನ್. ಶಾಲೆಗಳನ್ನ ನೋಡ್ಕೊಳ್ಳೋ ಸಾಹೇಬರು ಕಾರಲ್ಲಿ ಬಂದ್ರು. ಮೇಷ್ಟ್ರು ಬೆವೆತ್ರು. ಆವತ್ತಿಂದ ಊರಿನ ಮಕ್ಕಳ ಮೈ ಗಾಜಿನದಾಯ್ತು. ಮೇಷ್ಟ್ರ ದನಿ ಕೂಡ ಆ ಮಕ್ಕಳು ಕೂರೋ ಮುಂದಿನ ಬೆಂಚುಗಳಿಗೆ ಬಂದ್ರೆ ಜೇನು. ಕಾನೂನು ಊರಿಗೆ ಬಂತು ನಿಜ. ಹಳ್ಳ ದಾಟ್ಲಿಲ್ಲ.

ಮಾರನೇ ದಿನ ಝಂಫೀರಾ ಹಳ್ಳ ದಾಟಿದ್ಲು.

ಮೇಷ್ಟ್ರು ಶಾಲೆ ಅಂಗಳದಲ್ಲಿ ಗುಲಾಬಿ ಗಿಡ ಕತ್ತರಿಸ್ತಾ ಇದ್ರು. ಅವಳಿಗೂ ಅವರೇ ಮೇಷ್ಟ್ರು ಆಗಿದ್ದವರು. ಅವಳ ಬಾಯಿಂದ ತಾನಾಗೇ ಹೊರಟ್ತು: "ಕೈಗೆ ಮುತ್ತು, ಮೇಷ್ಟ್ರೆ." ಎಲ್ಲರೂ ಹೇಳೋ ನಮಸ್ಕಾರ ಅದು. ಆದ್ರೆ ಏಟು ತಿಂದ್ಮೇಲೂ ಇದನ್ನೇ ಹೇಳಬೇಕಿತ್ತು, ಸುಮ್ನೆ ಹೇಳೋದಲ್ಲ, ಬಗ್ಗಿ ಮುತ್ತು ಕೊಡಬೇಕಿತ್ತು. ಹೇಳಿ ಆದ್ಮೇಲೆ ನಾಲಿಗೆ ಕಚ್ಕೊಂಡ್ಲು.

"ಓ, ಝಂಫೀರಾ. ಬೆತ್ತ ಆಯ್ತಾ?"

"ಬೆತ್ತದ ಮಾತೇ. ನನ್ನ ಮಗಳ ಕೈಲಿ ಗೋಗುಗೆ ಹೊಡೆಸಿದ್ರಂತೆ."

ಮೇಷ್ಟ್ರು ಕತ್ತರಿ ಒರೆಸಿದ್ರು. "ನಾನು ಚಳಿಗಾಲದಿಂದ ಒಂದು ಮಗುನೂ ಮುಟ್ಟಿಲ್ಲ. ಯಾರನ್ನ ಬೇಕಾದ್ರೂ ಕೇಳು. ಕಾನೂನು ಅಂದ್ರೆ ಕಾನೂನು."

"ನೀವು ಮುಟ್ಟಿಲ್ಲ. ಹೊಡೆಸಿದೀರಿ."

"ಮಕ್ಕಳು ಮಕ್ಕಳನ್ನ ತಿದ್ದೋದು ಅದು. ಜವಾಬ್ದಾರಿ ಕಲೀತಾರೆ."

"ಊರಿನ ಮಕ್ಕಳು ಯಾಕೆ ಕಲಿಯಲ್ಲ ಆ ಜವಾಬ್ದಾರಿ?"

"ನೋಡಮ್ಮಾ." ಮೇಷ್ಟ್ರು ದನಿ ಇಳಿಸಿದ್ರು, ಉಪಕಾರ ಮಾಡೋ ಹಾಗೆ. "ಅವರ ಅಮ್ಮಂದಿರು ಬೇಡ ಅಂದಿದಾರೆ, ನಾನು ಬಿಟ್ಟಿದೀನಿ. ನಿಮ್ಮವರು ಬೇಡ ಅಂದಿದಾರಾ? ಬೇಕು ಅಂತೀರಿ. ಬಟ್ಟೇಲಿ ಸುತ್ತಿ ತಂದು ಕೈಗೆ ಕೊಡ್ತೀರಿ. ನಿಮ್ಮಪ್ಪ ಎಲ್ಲರ ಎದುರಿಗೆ ನಿಂತು ಏನು ಹೇಳ್ತಾನೆ? ನಾನು ಕಿತ್ಕೊಂಡಿದ್ನಾ ನಿಮ್ಮ ಹತ್ರ?"

ಝಂಫೀರಾ ಹೊಟ್ಟೆ ಉರಿಸಿದ್ದು ಅದೇ. ಆ ಮನುಷ್ಯ ಸುಳ್ಳು ಹೇಳ್ತಿರ್ಲಿಲ್ಲ.

"ಈಗ ಬೇಡ ಅಂತಿದೀನಿ" ಅಂದ್ಲು.

"ನೀನಾ? ಒಬ್ಬಳಾ?" ಮೇಷ್ಟ್ರು ಒಣಗಿದ ಒಂದು ಕೊಂಬೆ ಕತ್ತರಿಸಿ ಬೀಳಿಸಿದ್ರು. "ಪಟ್ಟಣದಲ್ಲಿ ಮಂದ ಮಕ್ಕಳ ಶಾಲೆ ಇದೆ. ಅಲ್ಲಿ ಬೆತ್ತ ಇಲ್ಲ, ಏನೂ ಇಲ್ಲ, ಆರಾಮು. ನಾನು ಹೇಳಿದ್ರೆ ತಿಂಕಾನ ನಾಳೆನೇ ತಗೋತಾರೆ. ಯೋಚನೆ ಮಾಡು. ಶುಕ್ರವಾರ ನಿಮ್ಮಪ್ಪನ್ನ ಕಳಿಸು."

ನಮ್ಮ ಕೇರಿಯಿಂದ ಆ ಶಾಲೆಗೆ ಹೋಗಿ ಬಂದವರಿದ್ರು. ರಟ್ಟಿನ ಡಬ್ಬಿ ಅಂಟಿಸೋದು ಕಲಿತು ಬಂದ್ರು. ಮೊದಲು ಬರೀತಿದ್ದ ಸ್ವಂತ ಹೆಸರು ಮರೆತು ಬಂದ್ರು.

ಹಳ್ಳ ದಾಟುವಾಗ ಝಂಫೀರಾ ಕಾಲು ಕೆಸರಲ್ಲಿ ಹೂತ್ಕೊಂಡ್ತು. ಕಿತ್ಲು. ಮತ್ತೆ ಹೂತ್ಕೊಂಡ್ತು. ಬೆತ್ತ ನಮ್ಮದು, ಹೊಡೆಯೋ ಕೈ ನಮ್ಮದು, ಏಟು ತಿನ್ನೋ ಕೈನೂ ನಮ್ಮದು. ಆ ಮನುಷ್ಯನ ಕೈ ಮಾತ್ರ ಚೊಕ್ಕ, ಗುಲಾಬಿ ವಾಸನೆ. ಕೊಡಲಿ ಕಾವು ಕುಲಕ್ಕೆ ಮೃತ್ಯು ಅಂತಾರಲ್ಲ, ನಾವು ಕಾವನ್ನ ಕೆತ್ತಿ, ಎಣ್ಣೆ ಹಚ್ಚಿ, ಮೆರವಣಿಗೇಲಿ ಕಳಿಸೋ ಕುಲ.

ತಾತ ಬೆತ್ತದ ಹಿಡಿಗೆ ಬಳ್ಳಿ ಎಳೀತಿದ್ದ. ಚಾಕುವಿನ ತುದಿ ಮರದೊಳಗೆ ಇರುವೆ ನಡೆದ ಹಾಗೆ ನಡೀತಿತ್ತು.

"ಅಪ್ಪಾ, ಅದನ್ನ ಬಿಡು."

"ಎಲೆ ಒಂದು ಬಾಕಿ ಇದೆ."

"ಕೊಡೋದು ಬೇಡ ಅಂತಿದೀನಿ."

ಝಂಫೀರಾ ಎಲ್ಲಾ ಹೇಳಿದ್ಲು. ತಾತ ತಲೆ ಎತ್ತಲಿಲ್ಲ.

"ಮಕ್ಕಳು ಕಥೆ ಕಟ್ತವೆ. ಪೆತ್ರಾಕೆ ಮೇಷ್ಟ್ರು ಅಂಥವರಲ್ಲ. ಹೊಡೆದ್ರೆ ಅವರೇ ಹೊಡೀತಾರೆ, ಗೌರವಕ್ಕೆ. ಏಟು ಅಂದ್ರೆ ಸ್ವರ್ಗದ ಮರದಿಂದ ಮುರಿದು ತಂದ ಕೊಂಬೆ ಅಂತ ಹಿರಿಯರು ಹೇಳಿಲ್ವಾ?"

"ಯಾವ ಸ್ವರ್ಗ ಅಪ್ಪಾ. ಅಟ್ಟದಿಂದ ಇಳಿಸಿದ್ದು ನೀನು."

"ಏಟು ಬೀಳದೆ ಓದು ಬರುತ್ತಾ?"

"ಏಟಿಂದ ಓದು ಬರೋ ಹಾಗಿದ್ರೆ ಈ ಕೇರಿ ತುಂಬಾ ವಕೀಲರೇ ಇರಬೇಕಿತ್ತು. ಎಲ್ಲಿ, ಒಬ್ಬನ್ನ ತೋರ್ಸು."

"ನೀನೂ ತಿಂದಿದೀಯ. ಸತ್ತೋದ್ಯಾ?"

ಝಂಫೀರಾ ಅವನ ಎದುರಿಗೆ ಕೂತ್ಲು. ಇದನ್ನ ಅವಳು ಗಂಡನಿಗೂ ಹೇಳಿರಲಿಲ್ಲ.

"ತಿಂಕಾ ವಯಸ್ಸಲ್ಲಿ ನನ್ನನ್ನ ಹಲಗೆ ಹತ್ರ ನಿಲ್ಲಿಸಿದ್ರು. ಲೆಕ್ಕ ಬರಲಿಲ್ಲ. ನಿನ್ನ ಬೆತ್ತ ಮೊಳೆಯಿಂದ ಇಳೀತು ನೋಡು, ಬೀಳೋಕೆ ಮುಂಚೆನೇ ನಿಂತಲ್ಲೇ ಉಚ್ಚೆ ಹೊಯ್ಕೊಂಡೆ. ಎಲ್ಲಾ ನಕ್ರು. ನನ್ನ ಲಂಗದಲ್ಲೇ ನೆಲ ಒರೆಸಿದ್ರು. ಆಮೇಲೆ ಹೊಡೆದ್ರು. ಆಮೇಲೆ ಆ ಕೈಗೆ ಮುತ್ತು ಕೊಟ್ಟೆ. ಮುತ್ತು ಕೊಡುವಾಗ ಹಿಡೀ ಮೇಲೆ ನಿನ್ನ ಬಳ್ಳಿ ಕಾಣ್ತಿತ್ತು, ಅಪ್ಪಾ. ನಿನ್ನ ಬಳ್ಳಿ ಅಂತ ನನಗೆ ಗೊತ್ತಿತ್ತು."

ಚಾಕು ನಿಂತಿತು. ತಾತ ಆ ಎಲೆ ಮೇಲೆ ಹೆಬ್ಬೆರಳು ಆಡಿಸಿದ. ಆಮೇಲೆ ಚಾಕು ಮತ್ತೆ ನಡೀತು.

"ನನ್ನ ಕೈಯಿಂದ ಈ ಊರಿನವರು ಮರ್ಯಾದೆಯಿಂದ ತಗೊಳ್ಳೋದು ಇದೊಂದೇ ವಸ್ತು" ಅಂದ, ಮೆಲ್ಲಗೆ. "ಬಾಕಿ ಎಲ್ಲಾ ಗೇಟಿನ ಮೇಲಿಂದ ಕಿತ್ಕೋತಾರೆ. ಇದನ್ನೂ ಬಿಡು ಅಂತೀಯ."

ಅವಳು ಎದ್ದು ಹೋಗಿ ಅರ್ಧ ಬಿಟ್ಟಿದ್ದ ಸೌಟು ಎತ್ಕೊಂಡ್ಲು.

ಶುಕ್ರವಾರ ಬಂತು. ಸಭೆ. ಊರಿನ ಅಪ್ಪ ಅಮ್ಮಂದಿರು ಬೆಂಚುಗಳ ಮೇಲೆ, ಮಕ್ಕಳನ್ನ ಪಕ್ಕದಲ್ಲಿ ಕೂರಿಸ್ಕೊಂಡು. ನಮ್ಮವರು ಹಿಂದೆ ಒಲೆ ಹತ್ರ ನಿಂತ್ಕೊಂಡು. ಕಡೇ ಬೆಂಚಲ್ಲಿ ತಿಂಕಾ, ಗೋಗು. ನೆಲ ಥಳಥಳ ಅಂತಿತ್ತು, ಬೆಳಗ್ಗೆ ತಿಂಕಾನೇ ಗುಡಿಸಿ ಒರೆಸಿದ್ಲು. ಮೇಷ್ಟ್ರು ಹೊಸ ಕೋಟು ಹಾಕಿದ್ರು. ಸುಣ್ಣ ಬಳಿಯೋದರ ಮಾತಾಯ್ತು. ಸೋರೋ ಚಾವಣಿ ಮಾತಾಯ್ತು. ಈಗಿನ ಕಾಲದ ಮಕ್ಕಳನ್ನ ಪ್ರೀತಿಯಿಂದ ಗೆಲ್ಲಬೇಕು ಅನ್ನೋ ಮಾತಾಯ್ತು, ಎಲ್ಲರೂ ತಲೆ ಆಡಿಸಿದ್ರು.

"ಇನ್ನು ನಮ್ಮ ಹಳೇ ಸಂಪ್ರದಾಯ" ಅಂದ್ರು ಮೇಷ್ಟ್ರು. "ಲಿಸಾಂದ್ರು, ತಂದ್ಯಾ?"

ತಾತ ಮುಂದೆ ಬಂದ. ಟೋಪಿ ತೆಗೆದು ಕಂಕುಳಲ್ಲಿ ಸಿಕ್ಕಿಸ್ಕೊಂಡ. ಎರಡೂ ಕೈ ಮೇಲೆ ಬಿಳಿ ಬಟ್ಟೆ, ಅದರೊಳಗೆ ಬೆತ್ತ. ಮಗು ಎತ್ಕೊಂಡು ಬಂದ ಹಾಗೆ ಬಂದ. ಇಟಲಿಯಿಂದ ಬಂದಿದ್ದ ದೋಯ್ನಾ ಫೋನ್ ಎತ್ತಿ ವಿಡಿಯೋ ತೆಗೀತಿದ್ಲು.

"ಎಷ್ಟು ಚೆನ್ನಾಗಿದೆ ಅಲ್ವಾ" ಅಂದ್ಲು ಪಕ್ಕದವಳಿಗೆ. "ಕೆತ್ತನೆ ನೋಡು. ಈಗ ಯಾರೂ ಹೊಡೆಯಲ್ಲ ಬಿಡು, ಗೋಡೇಲಿ ನೇತಾಕಿದ್ರೆ ಚೆಂದ."

"ಹೊಡೀತಾರೆ" ಅಂತ ಹಿಂದಿನಿಂದ ಬಂತು.

ಎಲ್ಲಾ ತಿರುಗಿ ನೋಡಿದ್ರು. ಝಂಫೀರಾ ಒಲೆ ಹತ್ರದಿಂದ ಬೆಂಚುಗಳ ಮಧ್ಯೆ ಬಂದಿದ್ಲು. ನಮ್ಮವರು ಯಾರೂ ಆ ಸಂದೀಲಿ ನಿಂತಿದ್ದೇ ಇಲ್ಲ.

"ಗೋಗು, ಕೈ ತೋರ್ಸಪ್ಪಾ ಇವರಿಗೆ."

ಗೋಗು ಎತ್ತಿದ. ಊತ ಇಳಿದು ಅಂಗೈ ನೀಲಿ ಹಳದಿ ಆಗಿತ್ತು. ಸೀಳಿದ ಕಡೆ ಹಕ್ಕಳೆ ಕಟ್ಟಿತ್ತು. ದೋಯ್ನಾ ಫೋನ್ ಇಳಿಸಿದ್ಲು.

"ಮೇಷ್ಟ್ರೆ, ಇದು..." ಅಂದ್ಲು ದೋಯ್ನಾ.

"ಅವರವರ ಮಕ್ಕಳು ಅವರವರೇ ಬಡಿದಾಡಿದ್ದು" ಅಂದ್ರು ಮೇಷ್ಟ್ರು. "ನಾನು ಮುಟ್ಟಿಲ್ಲ."

"ಹಾಗಾದ್ರೆ ಅದು ಅವರ ಪದ್ಧತಿ, ನಾವೇನು ಮಾತಾಡೋದು" ಅಂತ ದೋಯ್ನಾ ಗಂಡ ಗೊಣಗಿದ. ದೋಯ್ನಾ ಕಿಟಕಿ ಕಡೆ ನೋಡಿದ್ಲು. ಇಟಲಿಯಿಂದ ಇಲ್ಲಿಗೆ ಅವಳ ಫೋನ್ ತಲುಪಿತ್ತು. ಮುಂದಿನ ಬೆಂಚಿಂದ ಹಿಂದಿನ ಬೆಂಚಿಗೆ ತಲುಪ್ಲಿಲ್ಲ.

"ಸರಿ ಮೇಷ್ಟ್ರೆ" ಅಂದ್ಲು ಝಂಫೀರಾ. "ಮೂಲೇಲಿ ಬೇಡ, ಮಗು ಕೈಲೂ ಬೇಡ. ಇಲ್ಲೇ, ಇಷ್ಟು ಜನರ ಮುಂದೆ, ಆ ಬೆತ್ತ ತಗೊಂಡು ನೀವೇ ನನ್ನ ಮಗಳಿಗೆ ಒಂದು ಏಟು ಹಾಕಿ. ಅವಳ ಅಮ್ಮ ನಾನು ಹೇಳ್ತಿದೀನಿ. ಹಾಕಿ."

"ನಾನು ಹೊಡೆಯಲ್ಲ ಅಂತ ಹೇಳಿದ್ನಲ್ಲ."

"ಹಾಗಾದ್ರೆ ಇದು ಯಾಕೆ ಬೇಕು ನಿಮಗೆ?"

ಮೇಷ್ಟ್ರ ಕಿವಿ ಕೆಂಪಾಯ್ತು. "ಲಿಸಾಂದ್ರು, ನಿನ್ನ ಮಗಳಿಗೆ ಬುದ್ಧಿ ಹೇಳು. ಕೊಡೋದು ಕೊಟ್ಟು ಹೊರಡಿ. ಇಲ್ಲಾಂದ್ರೆ ಆ ಹುಡುಗಿ ಎಲ್ಲಿಗೆ ಹೋಗ್ತಾಳೆ ಅಂತ ನಿನ್ನ ಮಗಳಿಗೆ ಗೊತ್ತು."

ತಾತ ಅಲ್ಲೇ ನಿಂತಿದ್ದ, ಬಟ್ಟೆ ಹೊತ್ಕೊಂಡು. ಬಾಯಿ ತೆಗೆದ. "ಮಾಂಸ ನಿಮ್ದು" ಅಂದ. ಅಲ್ಲಿಗೆ ನಿಂತ. ಮೆಲ್ಲಗೆ ಹಿಂದೆ ತಿರುಗಿದ.

"ತಿಂಕಾ. ಮಗಾ. ಹಳೇದು ಯಾರ ಕೈಲಿ ಇತ್ತು?"

"ನನ್ನ ಕೈಲಿ, ತಾತಾ."

"ಮುರಿದದ್ದು ಯಾರ ಮೇಲೆ?"

"ಯಾರ ಮೇಲೂ ಅಲ್ಲ. ಬೆಂಚಿನ ಮೇಲೆ. ಇನ್ನೂ ಹೊಡಿ ಅಂದ್ರು. ನಾನು ಬೆಂಚಿನ ಅಂಚಿಗೆ ಬಡಿದೆ. ಮುರೀಲಿ ಅಂತಾನೇ ಬಡಿದೆ." ತಿಂಕಾ ತಾತನ ಕೈಲಿದ್ದ ಬಟ್ಟೆ ನೋಡಿದ್ಲು. "ನಿನ್ನ ಬೆತ್ತ ಗಟ್ಟಿ, ತಾತಾ. ತುಂಬಾ ಸಲ ಬಡೀಬೇಕಾಯ್ತು. ಹೊಸದು ಬಂದ್ಮೇಲೆ ಮೊದಲು ನಾನೇ ಶುರು ಮಾಡಬೇಕಂತೆ."

ತಾತ ಬಟ್ಟೆ ಬಿಚ್ಚಿದ. ಬೆತ್ತ ಎತ್ತಿ ಬೆಳಕಿಗೆ ಹಿಡಿದ. ನಿಜಕ್ಕೂ ಅವನ ಕೈಯ ಒಳ್ಳೇ ಕೆಲಸ ಅದು. ಬಳ್ಳಿ ಜೀವ ಇದ್ದ ಹಾಗೆ ಹತ್ತಿತ್ತು. ಮೇಷ್ಟ್ರು ಕೈ ಚಾಚಿದ್ರು.

ತಾತ ಅದನ್ನ ಮೊಣಕಾಲಿಗೆ ಒತ್ತಿದ. ಬಗ್ಗಿತು, ಮುರೀಲಿಲ್ಲ. ಮತ್ತೆ ಒತ್ತಿದ. ಮುಖ ಕೆಂಪೇರ್ತು. ಮುಂದಿನ ಬೆಂಚಲ್ಲಿ ಯಾರೋ ಕಿಸಕ್ಕಂದ್ರು. ಮುರಿಯೋ ಮರ ಅಲ್ಲ ಅಂತ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಹಾಳು ಮುದುಕ, ಮುರಿಯೋ ಹಾಗೆ ಒಂದೇ ಒಂದು ದಿನ ಕೆಲಸ ಮಾಡಿರ್ಲಿಲ್ಲ.

ಆಮೇಲೆ ಅವನು ಕೂತ. ಮೇಷ್ಟ್ರ ಮೇಜಿನ ಮುಂದೆ, ಆ ಥಳಥಳ ನೆಲದ ಮೇಲೆ, ಕೇರೀಲಿ ಕೂತ ಹಾಗೆ ಕಾಲು ಚಾಚಿ ಕೂತ. ಸೊಂಟದಿಂದ ಚಾಕು ತೆಗೆದ. ಮೊದಲ ಸಿಪ್ಪೆ ಬಿತ್ತು. ಬಳ್ಳಿಯ ಮೇಲಿನ ಎಲೆ ಅದು, ಕಡೇಲಿ ಕೆತ್ತಿದ್ದು.

"ಏನು ಮಾಡ್ತಿದೀಯ? ಎದ್ದೇಳು" ಅಂದ್ರು ಮೇಷ್ಟ್ರು.

ತಾತ ಏಳಲಿಲ್ಲ. ಹೆರೆದ. ಗಟ್ಟಿ ಮರ, ಚಾಕು ಕಿರ್ ಅಂತಿತ್ತು, ಹಲ್ಲು ಜುಂ ಅನ್ನೋ ಸದ್ದು. ಒತ್ತಿ ಎಳೆದ್ರೆ ಕೂದಲಿನಷ್ಟು ಬರ್ತಿತ್ತು. ಝಂಫೀರಾ ಅಪ್ಪನ ಪಕ್ಕ ಕೂತ್ಲು. ಬೆತ್ತದ ಇನ್ನೊಂದು ತುದಿ ತೊಡೆ ಮೇಲೆ ಎಳ್ಕೊಂಡು ಸೊಟ್ಟ ಚಾಕು ತೆಗೆದ್ಲು. ಸಾಫ್ತಾ ಲಂಗದ ಜೇಬಿಂದ ತನ್ನದು ತೆಗೆದು, "ಸರಿ, ಜರುಗು" ಅಂತ ನಾದಿನಿನ ತಳ್ಳಿ ನಡುವೆ ಕೂತ್ಲು. ಮೂರು ಚಾಕು, ಒಂದು ಬೆತ್ತ. ಹಿಡಿ ಹೋಯ್ತು. ಬಳ್ಳಿ ಹೋಯ್ತು. ತಾತನ ಕಣ್ಣಿಂದ ನೀರು ಬೀಳ್ತಿತ್ತು. ಒರೆಸ್ಕೊಳ್ಳೋಕೆ ಅವನು ಕೈ ಬಿಡಲಿಲ್ಲ.

ಊರಿನವರು ಎದ್ದು ಹೋಗಬಹುದಿತ್ತು. ಯಾರೂ ಹೋಗಲಿಲ್ಲ. ಬಾಗಿಲಿಗೆ ಹೋಗಬೇಕಂದ್ರೆ ಇವರನ್ನ ದಾಟಬೇಕಿತ್ತು. ಮೂರು ಜನರ ಕೈಲೂ ಚಾಕು ಇತ್ತು, ಅದೂ ಒಂದು ಕಾರಣ ಇರಬಹುದು.

ಕೊನೆಗೆ ಕೈಯಲ್ಲಿ ಹಿಡಿಯೋಕೆ ಏನೂ ಉಳೀಲಿಲ್ಲ. ನೆಲದ ಮೇಲೆ ಚಕ್ಕೆ, ಸಿಪ್ಪೆ, ಪುಡಿ, ಹಸಿ ಎಣ್ಣೆ ವಾಸನೆ. ತಾತ ಟೋಪಿ ಕೊಡವಿ ತಲೆಗೆ ಹಾಕ್ಕೊಂಡ. ಶಾಲೆ ಒಳಗೆ ಅವನು ಟೋಪಿ ಹಾಕಿದ್ದು ಅದೇ ಮೊದಲು.

"ಮಾಂಸನೂ ನಮ್ದೇ, ಮೇಷ್ಟ್ರೆ" ಅಂದ. "ಮೂಳೆನೂ ನಮ್ದೇ. ತಿಂಕಾ ಇದೇ ಶಾಲೇಲಿ ಓದ್ತಾಳೆ. ಬೇರೆ ಕಡೆ ಕಳಿಸಿದ್ರೆ ನಾನು ದಿನಾ ಬಂದು ಇಲ್ಲೇ ಕೂತು ಕೆತ್ತೀನಿ. ನನಗೆ ಬೇರೆ ಕೆಲಸ ಇಲ್ಲ, ಮರ ಬೇಕಾದಷ್ಟಿದೆ."

ಹಿಂದೆ ನಿಂತಿದ್ದ ನಮ್ಮವರಲ್ಲಿ ಯಾರೋ ನಕ್ಕುಬಿಟ್ರು. ಮೇಷ್ಟ್ರು ನೆಲ ನೋಡಿದ್ರು. ಹೊಸ ಕೋಟಿನ ಮೇಲೂ ಪುಡಿ ಹಾರಿತ್ತು. ಅವರಿಗೆ ಹಿಡ್ಕೊಳ್ಳೋಕೆ ಏನಾದ್ರೂ ಬೇಕಿತ್ತು, ಸಿಕ್ಕಿದ್ದು ಇದೇ.

"ಏನಿದು ಗಲೀಜು. ತಿಂಕಾ, ಪೊರಕೆ ತಗೊಂಡು ಬಾ. ಗುಡಿಸು."

ಮಗಳು ಏಳ್ತಾಳೆ ಅಂತ ಝಂಫೀರಾಗೆ ಗೊತ್ತಿತ್ತು. ಇಷ್ಟು ವರ್ಷ ಆ ದನಿಗೆ ಮಗಳ ಕಾಲು ತಾನಾಗೇ ಎದ್ದಿತ್ತು.

ತಿಂಕಾ ಏಳಲಿಲ್ಲ. ಎರಡೂ ಕೈ ತೊಡೆ ಕೆಳಗೆ ಇಟ್ಕೊಂಡು ಅದರ ಮೇಲೆ ಕೂತ್ಲು. ಗೋಗು ಅವಳನ್ನ ನೋಡಿ ಹಾಗೇ ಮಾಡಿದ, ನೋವಿಗೆ ಹಲ್ಲು ಕಚ್ಕೊಂಡು.

"ಕೇಳಿಸ್ತಾ?"

"ಕೇಳಿಸ್ತು, ಮೇಷ್ಟ್ರೆ."

ಮೇಷ್ಟ್ರು ಮುಂದಿನ ಬೆಂಚು ನೋಡಿದ್ರು. ಗಾಜಿನ ಮಕ್ಕಳು ಅಮ್ಮಂದಿರ ಪಕ್ಕ ಸರಿದ್ವು. ಹಿಂದೆ ನೋಡಿದ್ರು. ಅಲ್ಲಿಂದಲೂ ಯಾರೂ ಬರಲಿಲ್ಲ. ಕೊನೆಗೆ ಅವರೇ ಎರಡು ಹೆಜ್ಜೆ ಇಟ್ರು. ಬೀರು ಪಕ್ಕ ನೋಡಿದ್ರು. ಒಲೆ ಹಿಂದೆ ಬಗ್ಗಿ ನೋಡಿದ್ರು. ಮೂಲೇಲಿ ನಿಂತು ಸುತ್ತ ನೋಡಿದ್ರು. ಅವರದ್ದೇ ಶಾಲೆ. ಇಷ್ಟು ವರ್ಷ ಅವರದ್ದೇ. ಪೊರಕೆ ಎಲ್ಲಿರುತ್ತೆ ಅಂತ ಆ ಮನುಷ್ಯನಿಗೆ ಗೊತ್ತಿರ್ಲಿಲ್ಲ.

ತಿಂಕಾ ತೊಡೆ ಕೆಳಗಿಂದ ಒಂದು ಕೈ ತೆಗೆದು ಬೆರಳು ತೋರಿಸಿದ್ಲು.

"ಬಾಗಿಲ ಹಿಂದೆ, ಮೇಷ್ಟ್ರೆ."